ತಾಮ್ರದ ಗುಂಡು ಗುರಿಗೆ ಬೀಳುತ್ತಿಲ್ಲ: ತಪ್ಪು ಫಾಸ್ಟ್ ಟ್ವಿಸ್ಟ್ ಬ್ಯಾರೆಲ್‌ನದಾ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಇದ್ದೇನೆ. ನನ್ನದು 6.5 ಕ್ರೀಡ್‌ಮೂರ್ ರೈಫಲ್. ಕಳೆದ ವರ್ಷ ಬ್ಯಾರೆಲ್ ಬದಲಿಸಿ 1:7.5 ಟ್ವಿಸ್ಟಿನದು (ಒಳಗಿನ ಸುರುಳಿ ಗೀರು, ಅಂದರೆ ರೈಫ್ಲಿಂಗ್, ಏಳೂವರೆ ಇಂಚಿಗೆ ಗುಂಡನ್ನು ಒಂದು ಸುತ್ತು ತಿರುಗಿಸುವಂಥದು) ಹಾಕಿಸಿದೆ. ಇಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲವಾದ್ದರಿಂದ ಬಾರ್ನ್ಸ್ ಕಂಪನಿಯ 127 ಗ್ರೇನ್ ತೂಕದ ಎಲ್‌ಆರ್‌ಎಕ್ಸ್ ಅನ್ನುವ ತಾಮ್ರದ ಗುಂಡು ತಂದು ಮನೆಯಲ್ಲೇ ಲೋಡ್ ಮಾಡಿದೆ. 130 ಗ್ರೇನ್ ಸೀಸದ ಗುಂಡಿಗೆ ಹಾಕುತ್ತಿದ್ದಷ್ಟೇ ಮದ್ದು ಹಾಕಿ, ಲ್ಯಾಂಡ್ಸಿನಿಂದ, ಅಂದರೆ ರೈಫ್ಲಿಂಗ್ ಶುರುವಾಗುವ ಜಾಗದಿಂದ, 20 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು) ಹಿಂದೆ ಕೂರಿಸಿದೆ. 100 ಗಜಕ್ಕೆ ಎರಡೂವರೆ ಇಂಚಿನ ಗ್ರೂಪ್ (ಗುಂಡುಗಳು ಬಿದ್ದ ಹರವು) ಬರುತ್ತಿದೆ. ಕೆಲವು ತೋಟೆಗಳಲ್ಲಿ ಹೊಡೆದ ಮೇಲೆ ಬೋಲ್ಟ್ (ಬ್ಯಾರೆಲ್‌ನ ಹಿಂಬದಿ ಮುಚ್ಚುವ ಅಗುಳಿ) ಎತ್ತುವುದೇ ಕಷ್ಟವಾಯಿತು. "ಟ್ವಿಸ್ಟ್ ಜಾಸ್ತಿ ಆಯಿತು, ಗುಂಡು ಅತಿಯಾಗಿ ತಿರುಗುತ್ತಿದೆ, ನಿಧಾನ ಟ್ವಿಸ್ಟಿನ ಬ್ಯಾರೆಲ್ ಹಾಕಿಸು" ಅಂತಾನೆ ಜೊತೆಗೆ ಬೇಟೆಗೆ ಬರುವ ಸ್ನೇಹಿತ. ಅಂಗಡಿಯ ತಾಮ್ರದ ತೋಟೆಯಲ್ಲಿ ಹೋದ ಸಲ ಹೊಡೆದ ಕಾಡುಹಂದಿ ಇನ್ನೂರು ಗಜ ಓಡಿ ಬಿತ್ತು. ತಾಮ್ರ ಅರಳದೆ ಸುಮ್ನೆ ತೂತು ಮಾಡಿಕೊಂಡು ಹೋಗುತ್ತದೆ ಅನ್ನುವುದು ನಿಜವಾ? ಬ್ಯಾರೆಲ್ ಬದಲಿಸಲಾ?

ಉತ್ತರ: ಬ್ಯಾರೆಲ್ ವಿಷಯ ಆಮೇಲೆ. ಮೊದಲು ನಿಮ್ಮ ಡಬ್ಬಿಯಲ್ಲಿ ಉಳಿದಿರುವ ಆ ತೋಟೆಗಳನ್ನು ಹೊಡೆಯಬೇಡಿ. ಒಂದನ್ನೂ ಹೊಡೆಯಬೇಡಿ. ಪುಲ್ಲರ್ ಹಾಕಿ ಗುಂಡು ಕಿತ್ತು, ಮದ್ದು ಬೇರೆ ಮಾಡಿ. ಬೋಲ್ಟ್ ಎತ್ತಲು ಕಷ್ಟವಾಗುವುದು ಸಣ್ಣ ಸೂಚನೆ ಅಲ್ಲ. 6.5 ಕ್ರೀಡ್‌ಮೂರ್‌ಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಬೋಲ್ಟ್ ಬಿಗಿಯಾಗುವ ಹೊತ್ತಿಗೆ ಸಾಮಾನ್ಯವಾಗಿ ಆ ಗೆರೆ ದಾಟಿ ಆಗಿರುತ್ತದೆ. ಹೊಡೆದ ಕೇಸ್‌ಗಳನ್ನು (ತೋಟೆಯ ಹಿತ್ತಾಳೆ ಚಿಪ್ಪು) ತೆಗೆದು ಬುಡವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಕ್ಷರಗಳ ಮೇಲೆ ಹೊಳೆಯುವ ಸಣ್ಣ ದುಂಡು ಗುರುತು ಇದ್ದರೆ, ಹಿತ್ತಾಳೆ ಎಜೆಕ್ಟರ್‌ನ (ಖಾಲಿ ಕೇಸನ್ನು ಹೊರಗೆ ತಳ್ಳುವ ಕಡ್ಡಿ) ತೂತಿನೊಳಕ್ಕೆ ಹರಿದಿದೆ ಅಂತ ಅರ್ಥ. ಅಂಥ ಕೇಸ್‌ಗಳನ್ನು ಮತ್ತೆ ಬಳಸಬೇಡಿ, ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಬಿಲ್ಲೆ) ಕೂರುವ ಗುಂಡಿ ಸಡಿಲ ಆಗಿರಬಹುದು.

ಈಗ ನಿಮ್ಮ ಆತಂಕಕ್ಕೆ ಬರೋಣ. ನೀವು ಮೂರು ತೊಂದರೆ ಹೇಳಿದ್ದೀರಿ: ಗ್ರೂಪ್ ಹರಡಿದೆ, ಒತ್ತಡ ಏರಿದೆ, ಹಂದಿ ಓಡಿದೆ. ಸ್ನೇಹಿತರು ಮೂರನ್ನೂ ಟ್ವಿಸ್ಟಿನ ತಲೆಗೆ ಕಟ್ಟಿದ್ದಾರೆ. ನನ್ನ ಮಟ್ಟಿಗೆ ಇದರಲ್ಲಿ ಒಂದೂ ಟ್ವಿಸ್ಟಿನದಲ್ಲ. ನಿಮ್ಮ ಬಂದೂಕಿನಲ್ಲಿ ತಾಮ್ರಕ್ಕೆ ಅತಿ ಚೆನ್ನಾಗಿ ಹೊಂದುವ ಭಾಗ ಅಂದರೆ ಆ ಬ್ಯಾರೆಲ್ಲೇ.

ಯಾಕೆ ಅಂತ ಹೇಳುತ್ತೇನೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು 8.96. ತೂಕ ಅಷ್ಟೇ ಇರಬೇಕು, ದಪ್ಪವೂ ಅಷ್ಟೇ ಇರಬೇಕು ಅಂದರೆ ತಾಮ್ರದ ಗುಂಡು ಉದ್ದವಾಗಲೇಬೇಕು, ಬೇರೆ ದಾರಿ ಇಲ್ಲ. ನಿಮ್ಮ ಹಳೆಯ 130 ಗ್ರೇನ್ ಗುಂಡನ್ನೂ ಈ 127 ಗ್ರೇನಿನದನ್ನೂ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ, ಕಣ್ಣಿಗೇ ಕಾಣುತ್ತದೆ. ಗುಂಡು ಗಾಳಿಯಲ್ಲಿ ನೆಟ್ಟಗೆ ಹೋಗಲು ಎಷ್ಟು ತಿರುಗಬೇಕು ಅನ್ನುವುದನ್ನು ತೂಕಕ್ಕಿಂತ ಜಾಸ್ತಿ ಅದರ ಉದ್ದವೇ ತೀರ್ಮಾನಿಸುತ್ತದೆ. ಬುಗುರಿ ನೆನಪಿಸಿಕೊಳ್ಳಿ, ಎತ್ತರದ ಬುಗುರಿಗೆ ಚಾಟಿ ಜೋರಾಗಿ ಎಳೆಯಬೇಕು.

ಇದನ್ನು ಲೆಕ್ಕ ಹಾಕಲು ಮಿಲ್ಲರ್ ಸೂತ್ರ ಅಂತ ಒಂದಿದೆ, ಅದರಿಂದ ಬರುವ ಅಂಕಿಯನ್ನು ಸ್ಥಿರತೆಯ ಅಂಶ ಅಂತಾರೆ. 1ಕ್ಕಿಂತ ಕಡಿಮೆಯಾದರೆ ಗುಂಡು ಉರುಳುತ್ತದೆ. 1.5 ಇದ್ದರೆ ನೆಮ್ಮದಿ. 127 ಗ್ರೇನ್ ತೂಕದ, 1.4 ಇಂಚು ಉದ್ದದ 6.5 ಗುಂಡು ಸೆಕೆಂಡಿಗೆ 2,800 ಅಡಿ ವೇಗದಲ್ಲಿ ಹೊರಟರೆ, ಸಮುದ್ರಮಟ್ಟದ ಗಾಳಿಯಲ್ಲಿ 1:10 ಟ್ವಿಸ್ಟ್ ಕೊಡುವುದು ಸುಮಾರು 0.93. ಅಂದರೆ ಟಾರ್ಗೆಟ್ ಕಾಗದದಲ್ಲಿ ಗುಂಡು ಅಡ್ಡಡ್ಡ ಹೋದ ಗುರುತು ಕಾಣಬಹುದು. 1:8 ಕೊಡುವುದು 1.46. ನಿಮ್ಮ 1:7.5 ಕೊಡುವುದು 1.66. ನಿಮ್ಮ ಗುಂಡಿನ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು ನೀವೇ ಹಾಕಿ ನೋಡಿ. ಪ್ಲಾಸ್ಟಿಕ್ ಮೂತಿ ಹಗುರ ಇರುವುದರಿಂದ ನಿಜವಾದ ಅಂಕಿ ಇದಕ್ಕಿಂತ ಸ್ವಲ್ಪ ಮೇಲೇ ಇರುತ್ತದೆ. ಚಳಿಯಲ್ಲಿ, ತಗ್ಗು ಪ್ರದೇಶದಲ್ಲಿ ಗಾಳಿ ದಟ್ಟ ಆಗಿ ಅಂಕಿ ಇಳಿಯುತ್ತದೆ, ಸಿಯೆರಾ ಬೆಟ್ಟ ಹತ್ತಿದರೆ ಏರುತ್ತದೆ. ಸ್ನೇಹಿತರ ಮಾತು ಕೇಳಿ ನಿಧಾನ ಟ್ವಿಸ್ಟ್ ಹಾಕಿಸಿದ್ದರೆ ದುಡ್ಡು ಕೊಟ್ಟು ತೊಂದರೆ ತಂದುಕೊಂಡಂತೆ ಆಗುತ್ತಿತ್ತು.

"ಅತಿಯಾಗಿ ತಿರುಗುತ್ತದೆ" ಅನ್ನುವ ಮಾತು ಪೂರ್ತಿ ಗಾಳಿಮಾತೂ ಅಲ್ಲ. 2,800 ಅಡಿ ವೇಗಕ್ಕೆ 1:7.5 ಬ್ಯಾರೆಲ್‌ನಿಂದ ಹೊರಟ ಗುಂಡು ನಿಮಿಷಕ್ಕೆ 2,68,800 ಸುತ್ತಿನ ಲೆಕ್ಕದಲ್ಲಿ ತಿರುಗುತ್ತಿರುತ್ತದೆ. ತೆಳು ಹೊದಿಕೆಯ, ಒಳಗೆ ಮೆತ್ತಗಿನ ಸೀಸ ಇರುವ ಸಣ್ಣ ಪ್ರಾಣಿಗಳ ಗುಂಡುಗಳು ಇಂಥ ಸುತ್ತಿಗೆ ಗಾಳಿಯಲ್ಲೇ ಬಿಚ್ಚಿಹೋಗುವುದುಂಟು, ಟಾರ್ಗೆಟ್ ತಲುಪುವ ಮೊದಲೇ ಬೂದು ಹೊಗೆಯ ಗೆರೆ ಕಾಣುತ್ತದೆ. ಆ ಮಾತು ಹುಟ್ಟಿದ್ದು ಅಲ್ಲಿ. ಆದರೆ ಒಂದೇ ತಾಮ್ರದ ತುಂಡಿನಿಂದ ಆದ ಗುಂಡಿನಲ್ಲಿ ಬಿಚ್ಚಿಕೊಳ್ಳಲು ಹೊದಿಕೆಯೂ ಇಲ್ಲ, ಒಳತಿರುಳೂ ಇಲ್ಲ. ವೇಗದ ಟ್ವಿಸ್ಟ್ ಗುಂಡಿನ ತೂಕದ ಓರೆಕೋರೆಯನ್ನು ಸ್ವಲ್ಪ ದೊಡ್ಡದು ಮಾಡಿ ತೋರಿಸುತ್ತದೆ, ಅದು ನಿಜ. ಆದರೆ ಅದು ಕೂದಲೆಳೆಯ ಲೆಕ್ಕ. ಎರಡೂವರೆ ಇಂಚಿನ ಗ್ರೂಪಿಗೆ ಅದು ಕಾರಣ ಆಗುವುದಿಲ್ಲ.

ಹಾಗಾದರೆ ಕಾರಣ ಏನು? ನೀವು ತಾಮ್ರವನ್ನು ಸೀಸದ ಹಾಗೆ ಲೋಡ್ ಮಾಡಿದ್ದೀರಿ. ಇದನ್ನು ತಪ್ಪು ಹೊರಿಸಲು ಹೇಳುತ್ತಿಲ್ಲ, ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನ ಮಾಡುವುದು ಇದನ್ನೇ. ತೂಕ ಹತ್ತಿರ ಇದೆ, ಮದ್ದು ಅದೇ ಸಾಕು ಅನ್ನಿಸುತ್ತದೆ. ಆದರೆ ಉದ್ದದ ಗುಂಡು ಕೇಸಿನೊಳಗೆ ಆಳಕ್ಕೆ ಇಳಿದು ಮದ್ದಿನ ಜಾಗ ತಿನ್ನುತ್ತದೆ. ಗಟ್ಟಿ ತಾಮ್ರ ರೈಫ್ಲಿಂಗಿಗೆ ಸೀಸದಷ್ಟು ಸಲೀಸಾಗಿ ಬಗ್ಗುವುದಿಲ್ಲ. ಎರಡೂ ಸೇರಿ ಒತ್ತಡ ಏರಿಸುತ್ತವೆ. ಅದಕ್ಕೇ ಗುಂಡಿನ ಮೈಗೆ ಉಂಗುರದಂಥ ಗಾಡಿಗಳನ್ನು, ಅಂದರೆ ತೋಡುಗಳನ್ನು, ಕೊರೆದಿರುವುದು, ತಾಮ್ರಕ್ಕೆ ಜರುಗಲು ಜಾಗ ಸಿಗಲಿ ಅಂತ. ಬಾರ್ನ್ಸ್ ಕಂಪನಿಯ ಮೊದಲ ಎಕ್ಸ್ ಗುಂಡು 1989ರಲ್ಲಿ ಬಂದಾಗ ಈ ಗಾಡಿ ಇರಲಿಲ್ಲ, ನುಣುಪು ಮೈ. ಒತ್ತಡ ಜಾಸ್ತಿ, ಬ್ಯಾರೆಲ್ ತುಂಬ ತಾಮ್ರದ ಕಿಟ್ಟ, ಒಂದು ಬಂದೂಕಲ್ಲಿ ಚೆನ್ನಾಗಿ ಬಿದ್ದರೆ ಇನ್ನೊಂದರಲ್ಲಿ ಚೆಲ್ಲಾಪಿಲ್ಲಿ. 2003ರಲ್ಲಿ ಗಾಡಿ ಇರುವ ಟಿಎಸ್‌ಎಕ್ಸ್ ಬಂದ ಮೇಲೆ ಅದೆಲ್ಲ ಬಹಳ ಸುಧಾರಿಸಿತು. ತಾಮ್ರದ ಬಗ್ಗೆ ಇವತ್ತಿಗೂ ಓಡಾಡುವ ದೂರುಗಳಲ್ಲಿ ಅರ್ಧ ಆ ಹಳೆಯ ಗುಂಡಿನವು.

ನಾನು ಕೊಡಗಿನವನು. ಕೇಪಿನ ಕೋವಿಗೆ ಮದ್ದು ಹಾಕಿ, ನಾರು ಜಡಿದು, ಜಡಿಯುವ ಕೋಲು ನಳಿಗೆಯಿಂದ ಎಷ್ಟು ಬೆರಳು ಹೊರಗೆ ನಿಂತಿದೆ ಅಂತ ನೋಡಿ ಈಡು ಅಳೆಯುವ ಹಿರಿಯರನ್ನು ನೋಡಿ ಬೆಳೆದವನು. ಕರಿಮದ್ದಿಗೆ ಆ ಬೆರಳಿನ ಲೆಕ್ಕ ನಡೆಯುತ್ತಿತ್ತು. ಹೊಗೆರಹಿತ ಮದ್ದಿಗೆ ಅಂದಾಜು ನಡೆಯುವುದಿಲ್ಲ. ಇಲ್ಲಿ ಒಂದು ಗ್ರೇನ್ ಅಂದರೆ 0.065 ಗ್ರಾಂ, ಆ ಒಂದು ಗ್ರೇನ್ ಹೆಚ್ಚಾದರೆ ಬೋಲ್ಟ್ ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತದೆ. (ಊರಿನ ಓದುಗರಿಗೆ ಒಂದು ಮಾತು: ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ, ಪರವಾನಗಿ ಇಲ್ಲದೆ ತೋಟೆ ತಯಾರಿಸುವುದೂ ಅಪರಾಧ. ಇದು ಅಮೆರಿಕದಲ್ಲಿ ಕಾನೂನಿನೊಳಗೆ ಬೇಟೆಯಾಡುವವರಿಗೆ ಬರೆದ ಉತ್ತರ.)

ಈಗ ಮತ್ತೆ ಶುರು ಮಾಡುವ ಕ್ರಮ. ಮೊದಲ ಕೆಲಸ ಬ್ಯಾರೆಲ್ ತೊಳೆಯುವುದು. ನೀವು ಅದನ್ನು ಹೇಳೇ ಇಲ್ಲ, ಅದಕ್ಕೇ ನನಗೆ ಅನುಮಾನ. ತಾಮ್ರ ಬಿಡಿಸುವ ಸಾಲ್ವೆಂಟ್ ಹಚ್ಚಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಮಾತ್ರ ಬಿಟ್ಟು, ಬಟ್ಟೆಯ ಪ್ಯಾಚ್ ಎಳೆಯಿರಿ. ಮೊದಲ ಪ್ಯಾಚ್ ನೀಲಿಯಾಗಿ ಹೊರಬರುತ್ತದೆ. ಕಾಫಿ ತೋಟಕ್ಕೆ ಹೊಡೆಯುವ ಮೈಲುತುತ್ತದ ಬಣ್ಣವೇ, ಅದೂ ತಾಮ್ರವೇ ತಾನೆ. ನೀಲಿ ಹೋಗಿ ಪ್ಯಾಚ್ ಬಿಳಿಯಾಗಿ ಬರುವವರೆಗೆ ಎಳೆಯುತ್ತಿರಿ. ನಡುವೆ ಹಿತ್ತಾಳೆಯ ಜಾಗ್ (ಪ್ಯಾಚ್ ಸಿಕ್ಕಿಸುವ ಕಡ್ಡಿಯ ತುದಿ) ಬಳಸಿದರೆ ಅದೂ ನೀಲಿ ಬಿಡುತ್ತದೆ, ಮೋಸ ಹೋಗಬೇಡಿ, ನೈಲಾನಿನದು ಹಾಕಿ. ಅಮೋನಿಯಾ ಇರುವ ಸಾಲ್ವೆಂಟ್ ಆದರೆ ಕಿಟಕಿ ತೆರೆದಿಡಿ. ಕಳೆದ ವರ್ಷ ಒಬ್ಬರು ಇದೇ ದೂರು ಹಿಡಿದು ಬಂದಿದ್ದರು, ಬೋರ್‌ಸ್ಕೋಪ್ (ಬ್ಯಾರೆಲ್ ಒಳಗೆ ನೋಡುವ ಸಾಧನ) ಇಟ್ಟು ನೋಡಿದರೆ ಬ್ಯಾರೆಲ್ ಮೂತಿಯ ಕಡೆಯ ನಾಲ್ಕು ಇಂಚು ರೈಫ್ಲಿಂಗ್ ಪೂರ್ತಿ ತಾಮ್ರದ ಬಣ್ಣ. ಎರಡು ಸಂಜೆ ತೊಳೆದೆವು. ಮದ್ದು, ಗುಂಡು ಏನೂ ಬದಲಿಸದೆ ಗ್ರೂಪ್ ಅರ್ಧಕ್ಕೆ ಇಳಿಯಿತು. ತೊಳೆದ ಮೇಲಿನ ಮೊದಲ ಐದಾರು ಗುಂಡು ಬ್ಯಾರೆಲ್‌ಗೆ ಹೊಸ ಮೈ ಕಟ್ಟಲು ಬೇಕು, ಅವುಗಳನ್ನು ಗ್ರೂಪಿನ ಲೆಕ್ಕಕ್ಕೆ ಸೇರಿಸಬೇಡಿ.

ಎರಡನೆಯದು ಡೇಟಾ. ನೀವು ಹಾಕುತ್ತಿರುವ ಅದೇ ಗುಂಡಿಗೆ, ಅದನ್ನು ತಯಾರಿಸಿದವರೇ ಅಥವಾ ಮದ್ದಿನ ಕಂಪನಿಯವರೇ ಕೊಟ್ಟ ಕೋಷ್ಟಕ ಹಿಡಿಯಿರಿ. ಬೇರೆ ಕಂಪನಿಯ ತಾಮ್ರದ ಗುಂಡಿನದ್ದೂ ಆಗದು, ಗಾಡಿ ಎಷ್ಟಿವೆ, ಬ್ಯಾರೆಲ್‌ಗೆ ತಾಗುವ ಮೈ ಎಷ್ಟುದ್ದ ಅನ್ನುವುದು ಒಂದೊಂದಕ್ಕೆ ಒಂದೊಂದು ಥರ. ನಾನು ಇಲ್ಲಿ ಮದ್ದಿನ ಅಳತೆ ಬರೆಯುತ್ತಿಲ್ಲ, ಯಾರಾದರೂ ಬರೆದು ಕೊಟ್ಟರೂ ಪುಸ್ತಕಕ್ಕೆ ಹೋಲಿಸದೆ ತೆಗೆದುಕೊಳ್ಳಬೇಡಿ. ಕನಿಷ್ಠದಿಂದ ಶುರು ಮಾಡಿ, 0.3 ಗ್ರೇನಿನಂತೆ ಏರಿ, ಪ್ರತಿ ಮೆಟ್ಟಿಲಲ್ಲೂ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ನೋಡಿ. ಹೆಚ್ಚಿನವರು ಕ್ರೋನೋಗ್ರಾಫನ್ನು ಹೆಮ್ಮೆಗೆ ಬಳಸುತ್ತಾರೆ, ಅದರ ನಿಜವಾದ ಕೆಲಸ ಕಾವಲು ಕಾಯುವುದು. ನಿಮ್ಮ ಬ್ಯಾರೆಲ್ ಪುಸ್ತಕದವರ ಬ್ಯಾರೆಲ್‌ನಷ್ಟೇ ಉದ್ದ ಇದ್ದು, ಗರಿಷ್ಠ ಮದ್ದು ಮುಟ್ಟುವ ಮೊದಲೇ ಗರಿಷ್ಠ ವೇಗ ಮುಟ್ಟಿದರೆ, ನಿಮ್ಮ ಬಂದೂಕಿನಲ್ಲಿ ಒತ್ತಡವೂ ಅಲ್ಲಿಗೆ ಮುಟ್ಟಿದೆ ಅಂತಲೇ ತಿಳಿಯಿರಿ. ಅಲ್ಲೇ ನಿಲ್ಲಿ, ಬೋಲ್ಟ್ ಹೇಳಲಿ ಅಂತ ಕಾಯಬೇಡಿ.

ಇನ್ನೊಂದು ಮಾತು ನಿಮ್ಮ ಊರಿಗಾಗಿ. ಮಾರ್ಚ್‌ನ ತಂಪಿನಲ್ಲಿ ಅಂಚಿಗೆ ತಂದ ಲೋಡು, ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಎ ಝೋನ್ ಅನ್ನುವ ವಲಯದಲ್ಲಿ ಜಿಂಕೆ ಬೇಟೆ ಶುರುವಾದಾಗ 40 ಡಿಗ್ರಿ ಬಿಸಿಲಲ್ಲಿ ಅಂಚು ದಾಟುತ್ತದೆ. ಎಚ್4350 ಥರದ ಮದ್ದು ಬಿಸಿಗೆ ಅಷ್ಟಾಗಿ ಅಲ್ಲಾಡುವುದಿಲ್ಲ, ಆದರೆ ಅಲ್ಲಾಡುವುದೇ ಇಲ್ಲ ಅಂತಲ್ಲ. ಟ್ರಕ್ಕಿನ ಡ್ಯಾಶ್‌ಬೋರ್ಡ್ ಮೇಲೆ ತೋಟೆ ಬಿಡಬೇಡಿ.

ಈಗ ಗುಂಡು ಕೂರಿಸುವ ಆಳ. ನಿಮ್ಮ ಗ್ರೂಪ್ ಹರಡಲು ತಾಮ್ರದ ಕಿಟ್ಟದ ನಂತರ ನನ್ನ ಅನುಮಾನ ಇದರ ಮೇಲೆಯೇ. ಸೀಸದ ಗುಂಡನ್ನು ಲ್ಯಾಂಡ್ಸಿಗೆ 10–20 ಥೌ ಹತ್ತಿರ ಇಟ್ಟು ನಮಗೆಲ್ಲ ಅಭ್ಯಾಸ. ತಾಮ್ರಕ್ಕೆ ಓಡಿ ಬಂದು ತಾಗುವ ಜಾಗ ಬೇಕು. 50 ಥೌ ಹಿಂದಿನಿಂದ ಶುರು ಮಾಡಿ ಅನ್ನುವುದು ಬಾರ್ನ್ಸ್‌ನವರದೇ ಸಲಹೆ, ನನ್ನ ಅನುಭವವೂ ಅದೇ. 50, 80, 110 ಥೌ ಹೀಗೆ ದೊಡ್ಡ ಹೆಜ್ಜೆ ಇಡಿ, ಮೂರು ಥೌ ಮೂರು ಥೌ ಅಂತ ತಡಕಾಡಿ ದುಬಾರಿ ಗುಂಡು ಹಾಳು ಮಾಡಬೇಡಿ. ಈ ಪರೀಕ್ಷೆಯನ್ನು ಮಧ್ಯಮ ಮದ್ದಿನಲ್ಲಿ ಮಾಡಿ, ಗರಿಷ್ಠದಲ್ಲಿ ಬೇಡ, ಯಾಕೆಂದರೆ ಆಳ ಬದಲಾದಾಗ ಒತ್ತಡವೂ ಬದಲಾಗುತ್ತದೆ. ತೋಟೆ ಮ್ಯಾಗಜೀನಿನಲ್ಲಿ ಹಿಡಿಯುತ್ತದಾ ಅಂತಲೂ ನೋಡಿ. ಆಳ ಗೊತ್ತಾದ ಮೇಲೆ ಮದ್ದನ್ನು ಮತ್ತೆ ಕೆಳಗಿನಿಂದ ಏರಿಸಿ.

ಮೂರು ಗುಂಡಿನ ಗ್ರೂಪ್ ನೋಡಿ ಕುಣಿಯಲೂ ಬೇಡಿ, ಅಳಲೂ ಬೇಡಿ. ಮೂರು ಗುಂಡು ಏನನ್ನೂ ಸಾಬೀತು ಮಾಡುವುದಿಲ್ಲ. ಅದೇ ಲೋಡು ಬೆಳಿಗ್ಗೆ ಮುಕ್ಕಾಲು ಇಂಚು, ಮಧ್ಯಾಹ್ನ ಒಂದೂಮುಕ್ಕಾಲು ಇಂಚು ಬಿದ್ದರೆ ಎರಡೂ ಒಂದೇ ಲೋಡಿನ ಎರಡು ಮುಖ ಅಷ್ಟೇ. ತುಂಬಾ ಕೆಟ್ಟದ್ದನ್ನು ಮೂರಕ್ಕೇ ಕೈಬಿಡಬಹುದು, ಅದು ಸರಿ. ಆದರೆ ಚೆನ್ನಾಗಿದೆ ಅನ್ನಿಸಿದ್ದನ್ನು ಹತ್ತು ಗುಂಡಿಗೆ ಹೊಡೆದು ನೋಡಿ, ಬ್ಯಾರೆಲ್ ಆರಲು ಬಿಡುತ್ತಾ, ಬೇರೆ ಬೇರೆ ದಿನ ಹೊಡೆದರೂ ಸರಿಯೇ. ಹತ್ತೂ 100 ಗಜಕ್ಕೆ ಒಂದೂವರೆ ಇಂಚೊಳಗೆ ಬಿದ್ದರೆ ಅದು ಒಳ್ಳೆಯ ಬೇಟೆ ಲೋಡು. 300 ಗಜಕ್ಕೆ ನಾಲ್ಕೂವರೆ ಇಂಚಾಗುತ್ತದೆ, ಜಿಂಕೆಯ ಎದೆಗೂಡು ಅದಕ್ಕಿಂತ ದೊಡ್ಡದು.

ಹಂದಿಯ ವಿಷಯ. ಇದು ನನಗೆ ಗ್ರೂಪಿಗಿಂತ ಮುಖ್ಯ, ಯಾಕೆಂದರೆ ಅಲ್ಲಿ ನೋಯುವುದು ಪ್ರಾಣಿ. ಸೀಸದ ಗುಂಡು ಒಳಗೆ ಹೋಗಿ ಚೂರಾಗುತ್ತದೆ, ಚೂರುಗಳು ಸುತ್ತ ಹರಡಿ ಹಾನಿ ಮಾಡುತ್ತವೆ. ತಾಮ್ರ ಚೂರಾಗುವುದಿಲ್ಲ. ಮೂತಿಯ ಕುಳಿಯೊಳಗೆ ನುಗ್ಗಿದ ದ್ರವದ ಒತ್ತಡಕ್ಕೆ ನಾಲ್ಕು ಎಸಳು ಅರಳಿ, ಹೂವಿನ ಥರ ಆಗಿ, ಹೆಚ್ಚುಕಡಿಮೆ ಪೂರ್ತಿ ತೂಕ ಉಳಿಸಿಕೊಂಡು ಆ ಕಡೆಯಿಂದ ಹೊರಬೀಳುತ್ತದೆ. ಗಾಯದ ದಾರಿ ಆಳ, ನೇರ, ಆದರೆ ಸೀಸದಷ್ಟು ಅಗಲ ಅಲ್ಲ. ಅರಳಲು ವೇಗ ಬೇಕು. ತಾಗುವ ಹೊತ್ತಿಗೆ ಸೆಕೆಂಡಿಗೆ 1,800 ಅಡಿಗಿಂತ ಕೆಳಗೆ ಇಳಿದರೆ ಹಲವು ತಾಮ್ರದ ಗುಂಡುಗಳು ಅರೆಬರೆ ಅರಳುತ್ತವೆ. ಎಲ್‌ಆರ್‌ಎಕ್ಸ್ ಇದಕ್ಕಿಂತ ಕೆಳಗೂ ಅರಳುವಂತೆ ಮಾಡಿದ ಗುಂಡು. ಆದರೂ ನಾನು ಯಾವ ತಾಮ್ರಕ್ಕೂ 2,000 ಅಡಿಯ ಗೆರೆ ಹಾಕಿಕೊಂಡಿದ್ದೇನೆ. 2,750ಕ್ಕೆ ಹೊರಟ ಈ ಗುಂಡಿಗೆ ಆ ಗೆರೆ ಸುಮಾರು 400 ಗಜದಲ್ಲಿ ಬರುತ್ತದೆ, ನಿಮ್ಮ ಕ್ರೋನೋಗ್ರಾಫ್ ಅಂಕಿ ಹಾಕಿ ಆ್ಯಪಿನಲ್ಲಿ ನೋಡಿಕೊಳ್ಳಿ.

ನಿಮ್ಮ ಹಂದಿ ಎಷ್ಟು ದೂರದಲ್ಲಿತ್ತು, ಎಲ್ಲಿ ತಾಗಿತು ಅಂತ ಬರೆದಿಲ್ಲ. ಹತ್ತಿರದಲ್ಲೇ ಇತ್ತು, ಭುಜದ ಹಿಂದೆ ಪಕ್ಕೆಲುಬಿನ ನಡುವೆ ತಾಗಿತು ಅಂತಿಟ್ಟುಕೊಳ್ಳಿ. ಸೀಸಕ್ಕೆ ಆ ಜಾಗ ಸರಿ. ತಾಮ್ರಕ್ಕೆ ಸ್ವಲ್ಪ ಮುಂದೆ, ಭುಜದ ಮೂಳೆಯ ಮೇಲೇ ಇಡಿ. ಮೂಳೆ ಒಡೆದು ಒಳಗೆ ಹೋಗುವ ಶಕ್ತಿ ಈ ಗುಂಡಿಗಿದೆ, ಹಂದಿಯ ಹೃದಯ ಇರುವುದೂ ಮುಂದಕ್ಕೆ, ತಗ್ಗಿನಲ್ಲಿ. ಸ್ವಲ್ಪ ಮಾಂಸ ಹಾಳಾಗಬಹುದು, ಆದರೆ ಪ್ರಾಣಿ ನಿಂತಲ್ಲೇ ಬೀಳುವ ಸಾಧ್ಯತೆ ಜಾಸ್ತಿ. ಗುಂಡು ಹೊರಬೀಳುವುದು ಹೆಚ್ಚುಕಡಿಮೆ ಖಾತ್ರಿ ಆದ್ದರಿಂದ ಹಿಂದೆ ಇನ್ನೊಂದು ಪ್ರಾಣಿ ನಿಂತಿದ್ದರೆ ಹೊಡೆಯಬೇಡಿ.

ಅಂದ ಹಾಗೆ ವೇಗದ ಟ್ವಿಸ್ಟ್ ಇಲ್ಲೂ ನಿಮ್ಮ ಪರ. ಅಂಚಿನಲ್ಲಿ ಸ್ಥಿರವಾಗಿ ಹಾರುವ ಗುಂಡು ತಾಗಿದ ಮೇಲೆ ಅಡ್ಡ ತಿರುಗುವ ಅಪಾಯ ಇರುತ್ತದೆ, ಚೆನ್ನಾಗಿ ತಿರುಗುವ ಗುಂಡು ನೆಟ್ಟಗೆ ಒಳಗೆ ಹೋಗುತ್ತದೆ.

ಮುಂದಿನ ದಾರಿಗಳು ಏನೇನು ಅಂದರೆ, ಇದೇ ಗುಂಡನ್ನು ಹೊಸದಾಗಿ ಕೆಳಗಿನಿಂದ ಲೋಡ್ ಮಾಡುವುದು ಒಂದು. ಸಮಯ ಹೋಗುತ್ತದೆ, ಐವತ್ತು ಅರವತ್ತು ಗುಂಡು ಹೋಗುತ್ತದೆ. ಅದಾದರೂ ಗ್ರೂಪ್ ಕೂಡಿಬರದೆ ಇರಬಹುದು, ಕೆಲವು ಬ್ಯಾರೆಲ್‌ಗೆ ಕೆಲವು ಗುಂಡು ಒಗ್ಗುವುದಿಲ್ಲ. ಆಗ ಹಟ ಮಾಡಬೇಡಿ. ಇನ್ನೊಂದು ದಾರಿ ತೂಕ ಇಳಿಸುವುದು, ಬಾರ್ನ್ಸ್‌ನವರದೇ 120 ಗ್ರೇನ್ ಟಿಟಿಎಸ್‌ಎಕ್ಸ್ ಗುಂಡು ಅಥವಾ ಅದಕ್ಕಿಂತ ಹಗುರ. ಸೀಸದ ಕಾಲದಲ್ಲಿ ಭಾರದ ಗುಂಡೇ ಒಳ್ಳೆಯದು ಅಂತಿತ್ತು, ಚೂರಾದ ಮೇಲೂ ಏನಾದರೂ ಉಳಿಯಲಿ ಅಂತ. ತಾಮ್ರ ಚೂರಾಗುವುದೇ ಇಲ್ಲವಲ್ಲ, ಹಾಗಾಗಿ ಹಗುರ ಗುಂಡಿನ ವೇಗ ನಿಮಗೆ ಲಾಭ, ಕೇಸಿನಲ್ಲಿ ಜಾಗವೂ ಸಿಗುತ್ತದೆ. ನಷ್ಟ ಏನು ಅಂದರೆ ದೂರ ಹೋದಂತೆ ಗಾಳಿ ಅದನ್ನು ಜಾಸ್ತಿ ತಳ್ಳುತ್ತದೆ. 300 ಗಜದೊಳಗೆ ಹೊಡೆಯುವವರಾದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಈ ಸೀಸನ್ ಹತ್ತಿರ ಬಂದಿದ್ದರೆ ಅಂಗಡಿಯ ತಾಮ್ರದ ತೋಟೆ ಎರಡು ಮೂರು ಬಗೆ ತಂದು ಹತ್ತತ್ತು ಹೊಡೆದು ನೋಡಿ, ಚೆನ್ನಾಗಿ ಬಿದ್ದದ್ದನ್ನು ಹಿಡಿದು ಹೋಗಿ. ಅವಸರದಲ್ಲಿ ಕಟ್ಟಿದ ಲೋಡಿಗಿಂತ ಅದು ಎಷ್ಟೋ ಮೇಲು, ಕೇಸ್‌ಗಳೂ ಉಳಿಯುತ್ತವೆ.

ಸೀಸಕ್ಕೆ ವಾಪಸ್ ಹೋಗುವ ದಾರಿ ನಿಮಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2013ರ ಕಾನೂನು ಹಂತಹಂತವಾಗಿ ಬಂದು 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಪೂರ್ತಿ ಜಾರಿಯಾಯಿತು. ಗುಂಡಿನಲ್ಲಿ ಸೀಸ ತೂಕದ ಶೇ 1ರೊಳಗೆ ಇರಬೇಕು. ಮನೆಯಲ್ಲಿ ಲೋಡ್ ಮಾಡಿದ್ದಾದರೆ ಗುಂಡಿನ ಡಬ್ಬಿಯ ಲೇಬಲ್ ಜೊತೆಗಿಟ್ಟುಕೊಳ್ಳಿ, ವಾರ್ಡನ್ ಕೇಳಿದರೆ ತೋರಿಸಬಹುದು. ಹಲವರು ಇದನ್ನು ಕಿರುಕುಳ ಅಂತಾರೆ, ನನಗೆ ಹಾಗನ್ನಿಸುವುದಿಲ್ಲ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್ ಹದ್ದುಗಳು ಇಡೀ ಲೋಕದಲ್ಲಿ ಮೂವತ್ತೂ ಇರಲಿಲ್ಲ, 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ಸಾಕಿ ಸಂತತಿ ಬೆಳೆಸಬೇಕಾಯಿತು. ನಾವು ಕಾಡಿನಲ್ಲಿ ಬಿಟ್ಟುಬಂದ ಕರುಳಿನಲ್ಲಿದ್ದ ಸೀಸದ ಚೂರು ತಿಂದು ಅವು ಸಾಯುತ್ತಿದ್ದವು, ಅದೇ ಚೂರು ಮನೆಗೆ ತಂದ ಮಾಂಸದಲ್ಲೂ ಇರುತ್ತದೆ. ಮಕ್ಕಳಿಗೆ ಬಡಿಸುವಾಗ ನನಗೆ ಅದು ನೆನಪಾಗುತ್ತದೆ.

ಬ್ಯಾರೆಲ್ ಹಾಗೇ ಇರಲಿ. ತೊಳೆಯಿರಿ, 50 ಥೌನಿಂದ ಶುರು ಮಾಡಿ. ಹತ್ತು ಗುಂಡಿನ ಕಾಗದ, ಕ್ರೋನೋಗ್ರಾಫ್ ಅಂಕಿ, ಹೊಡೆದ ಕೇಸಿನ ಬುಡದ ಫೋಟೋ ಕಳಿಸಿ. ಹಂದಿ ಎಷ್ಟು ದೂರದಲ್ಲಿತ್ತು, ಎಲ್ಲಿ ತಾಗಿತ್ತು ಅನ್ನುವುದನ್ನೂ ಬರೆಯಿರಿ, ಅದನ್ನು ನೋಡದೆ ಓಡಿದ್ದು ಯಾಕೆ ಅಂತ ನಾನು ಖಡಾಖಂಡಿತವಾಗಿ ಹೇಳುವಂತಿಲ್ಲ.